ಕಿಂಗ್ಸ್ ಸರ್ಕಲ್‌ನ ಪೇಪರ್ ಭಾವು: ತಿಂಗಳಿಗೆ 550 ರೂಪಾಯಿಯ ಪೌರನೀತಿ

ಮುಂಬಯಿಯ ಮಾಟುಂಗಾ ಪೂರ್ವದಲ್ಲಿ ಮನೆಮನೆಗೆ ಪೇಪರ್ ಹಾಕುವವರು ಹಲವರಿದ್ದಾರೆ. ನಾನು ಬರೆಯುತ್ತಿರುವುದು ಕಿಂಗ್ಸ್ ಸರ್ಕಲ್ ಕಡೆ ಫುಟ್‌ಪಾತಿನಲ್ಲಿ, ಮುಚ್ಚಿದ ಅಂಗಡಿಯೊಂದರ ಕಟ್ಟೆಗೆ ಹಲಗೆ ತಾಗಿಸಿಕೊಂಡು ಕೂರುವ ಒಬ್ಬರ ಬಗ್ಗೆ. ಸ್ಟಾಲಿಗೆ ಬೋರ್ಡಿಲ್ಲ. ಎಲ್ಲರೂ ಭಾವು, ಅಂದರೆ ಮರಾಠಿಯಲ್ಲಿ ಅಣ್ಣ, ಎನ್ನುತ್ತಾರೆ, ನಾವೂ ಹಾಗೆಯೇ ಕರೆಯುತ್ತೇವೆ. ಸೇವೆ ಒಳ್ಳೆಯದು, ಮಳೆಗಾಲದಲ್ಲಿ ಮಾತ್ರ ಅಷ್ಟಕ್ಕಷ್ಟೆ. ಲೆಕ್ಕ ಕಟ್ಟುನಿಟ್ಟು, ಮಾತು ಸ್ವಲ್ಪ ಒರಟು. ಇಷ್ಟಕ್ಕೇ ಮುಗಿಸಬಹುದಿತ್ತು. ಆದರೆ ಮಕ್ಕಳಿಗೆ ಸರ್ಕಾರ, ಪಾಲಿಕೆ, ಚುನಾವಣೆ ಇವುಗಳಲ್ಲಿ ಆಸಕ್ತಿ ಹುಟ್ಟಿಸುವುದು ಹೇಗೆ ಎಂದು ಕೇಳುವ ತಂದೆತಾಯಂದಿರು ನಮ್ಮವರ ಮದುವೆ, ಮುಂಜಿ, ಯಕ್ಷಗಾನಗಳಲ್ಲಿ ಸಿಗುತ್ತಲೇ ಇರುತ್ತಾರೆ. ಅವರಿಗೆ ನಾನು ಕೊಡುವುದು ಈ ಭಾವು ಅವರ ನಂಬರನ್ನು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮ ಮನೆಗೆ ಮೂರು ಪತ್ರಿಕೆಗಳು ಬರುತ್ತವೆ. ಅತ್ತೆಯವರಿಗೆ ಮುಂಬಯಿಯಲ್ಲೇ ಅಚ್ಚಾಗುವ ಕನ್ನಡದ್ದು, ನಮ್ಮ ಮನೆಯವರಿಗೆ ಇಂಗ್ಲಿಷಿನದು, ನನಗೆ ಮರಾಠಿಯದು. ನಾನು ಪತಪೇಢಿಯೊಂದರಲ್ಲಿ, ಅಂದರೆ ಸಹಕಾರಿ ಪತ್ತಿನ ಸಂಘದಲ್ಲಿ, ಲೆಕ್ಕ ಬರೆಯುವವಳು. ಮರಾಠಿ ಪತ್ರಿಕೆ ಓದದೆ ನಮ್ಮ ಕೌಂಟರಿನಲ್ಲಿ ಬಾಯಿ ತೆರೆಯುವಂತಿಲ್ಲ. ಮೂರೂ ಸೇರಿ, ಮನೆಬಾಗಿಲಿಗೆ ತರುವ ಖರ್ಚೂ ಸೇರಿ, ತಿಂಗಳಿಗೆ ಸುಮಾರು 550 ರೂಪಾಯಿ. ಮಗಳು ಒಂಬತ್ತನೆಯ ತರಗತಿ, ಮಗ ಆರನೆಯದು. ಇಬ್ಬರೂ ಪತ್ರಿಕೆ ಓದುವ ಮಕ್ಕಳಾಗಿ ಹುಟ್ಟಿದವರಲ್ಲ.

ಇದಕ್ಕೂ ಮೊದಲು ಮಕ್ಕಳಿಗೆಂದೇ ತಯಾರಾಗುವ ವಾರಪತ್ರಿಕೆಯೊಂದಕ್ಕೆ ವರ್ಷದ ಚಂದಾ ಕಟ್ಟಿದ್ದೆವು. ನುಣುಪು ಕಾಗದ, ತುಂಬಾ ಬಣ್ಣ. ಅದರಲ್ಲಿ ಸರ್ಕಾರವೆಂದರೆ ರಸಪ್ರಶ್ನೆ: ರಾಷ್ಟ್ರಪತಿ ಯಾರು, ರಾಜ್ಯಸಭೆಯ ಸದಸ್ಯರು ಎಷ್ಟು ಮಂದಿ. ಅಲ್ಲಿನ ದೇಶದಲ್ಲಿ ಯಾರೂ ತೆರಿಗೆ ಕಟ್ಟುವುದಿಲ್ಲ, ಯಾರೂ ಯಾರನ್ನೂ ಪ್ರಶ್ನಿಸುವುದಿಲ್ಲ, ನಲ್ಲಿಯಲ್ಲಿ ನೀರು ನಿಲ್ಲುವುದೂ ಇಲ್ಲ. ಮಗ ಚುಕ್ಕಿ ಸೇರಿಸುವ ಪುಟ ಮುಗಿಸಿ ಉಳಿದದ್ದನ್ನು ಸೋಫಾದ ಕೆಳಗೆ ತಳ್ಳುತ್ತಿದ್ದ. ಟಿವಿಯಲ್ಲಿ ಜಗಳ ಧಾರಾಳವಾಗಿದೆ, ಆದರೆ ಯಾವುದಕ್ಕಾಗಿ ಜಗಳವೆಂದು ತಿಳಿಯುವ ಮೊದಲೇ ಜಾಹೀರಾತು ಬರುತ್ತದೆ. ಮೊಬೈಲ್ ಸುದ್ದಿಯ ಕಥೆ ಬೇರೆ. ನಿನ್ನೆ ಏನು ನೋಡಿದೆವೋ ಇಂದು ಅದನ್ನೇ ಇನ್ನೂ ನಾಲ್ಕು ಬಗೆಯಲ್ಲಿ ತಂದು ಸುರಿಯುತ್ತದೆ. ವಾಷಿಂಗ್ಟನ್ನಿನಲ್ಲಿ ಯಾರು ಯಾರಿಗೆ ಏನೆಂದರು ಎಂಬುದು ನನ್ನ ಮಗಳಿಗೆ ಗೊತ್ತಿತ್ತು. ನಮ್ಮ ಮನೆ ಪಾಲಿಕೆಯ ಎಫ್ ಉತ್ತರ ಆಡಳಿತ ವಾರ್ಡಿನಲ್ಲಿದೆ ಎಂಬುದು ಗೊತ್ತಿರಲಿಲ್ಲ.

ಕಾಗದದ ಪತ್ರಿಕೆಯ ದೊಡ್ಡ ಗುಣವೆಂದರೆ ಅದು ಮನೆಯಲ್ಲಿ ಬಿದ್ದಿರುತ್ತದೆ. ಬೆಳಿಗ್ಗೆ ಓದದಿದ್ದರೆ ಸಂಜೆ ಅಜ್ಜಿ ಅದರ ಮೇಲೆ ಬಟಾಣಿ ಸುಲಿಯುವಾಗ ಕಣ್ಣಿಗೆ ಬೀಳುತ್ತದೆ. ನಮ್ಮಲ್ಲಿ ಎಲ್ಲ ಶುರುವಾದದ್ದು ಹಾಗೆಯೇ. ಆದರೆ ಯಾವ ಪುಟ ನೋಡಬೇಕು ಎಂದು ಹೇಳಿಕೊಟ್ಟವರು ಭಾವು. ಬಿಲ್ ಕೊಡಲು ಹೋದ ಮಗಳನ್ನು ನಿಲ್ಲಿಸಿ, “ಮೊದಲ ಪುಟ ಇಡೀ ಊರಿಗೆ ಬರೆದದ್ದು. ಒಳಗೆ ಸಣ್ಣ ಅಕ್ಷರದಲ್ಲಿ ಜಾಹೀರ ಸೂಚನೆ ಇರುತ್ತದಲ್ಲ, ಅದು ನಿನ್ನ ಮನೆಗೆ ಬರೆದದ್ದು, ಅದನ್ನು ಓದು” ಎಂದರಂತೆ.

ಅವರಿಗೆ ಆ ಪುಟ ಬಾಯಿಪಾಠ ಏಕೆಂದರೆ ಅವರ ಹೊಟ್ಟೆಪಾಡು ಅದರಲ್ಲಿದೆ. ಫುಟ್‌ಪಾತಿನಲ್ಲಿ ವ್ಯಾಪಾರ ಮಾಡುವವರಿಗಾಗಿ 2014ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಎಲ್ಲಿ ಕೂರಬಹುದು, ಎಲ್ಲಿ ಕೂಡದು ಎಂಬುದನ್ನು ನಿರ್ಧರಿಸುವ ನಗರ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು ಎಂದು ಅದರಲ್ಲಿದೆ. ಭಾವು ಇದನ್ನು ಕಲಂ ಸಮೇತ ಹೇಳುತ್ತಾರೆ. ಪೇಪರ್ ಮಾರುವವರು ಪೇಪರ್ ಓದುವುದಿಲ್ಲ ಎಂದುಕೊಂಡಿದ್ದ ನನ್ನ ಮಗ ಬೆರಗಾಗಿ ನಿಂತಿದ್ದ.

ಆ ಸೂಚನೆಗಳ ಪುಟದ ಬಗ್ಗೆ ಇನ್ನಷ್ಟು ಹೇಳಬೇಕು. ಟೆಂಡರ್, ಆಸ್ತಿ ಹರಾಜು, ಕಳೆದುಹೋದ ಷೇರು ಸರ್ಟಿಫಿಕೇಟ್, ಹೆಸರು ಬದಲಾವಣೆ ಎಲ್ಲ ಅಲ್ಲಿ ಒಟ್ಟೊಟ್ಟಿಗೆ ಇರುತ್ತವೆ. ನಡುವೆ ಎಲ್ಲೋ ಮರ ಕಡಿಯುವ ಸೂಚನೆ. ಮಹಾರಾಷ್ಟ್ರದ ನಗರಗಳಲ್ಲಿ ಮರ ಕಡಿಯಲು 1975ರ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಬೇಕು. ಅದಕ್ಕೆ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಮರದ ಮೇಲೂ ಚೀಟಿ ಅಂಟಿಸಿ, ಜನರ ಆಕ್ಷೇಪಣೆ ಕೇಳಬೇಕು. ನಮ್ಮ ಬೀದಿಯ ಹಳೆಯ ಕಟ್ಟಡವೊಂದು ಮರುನಿರ್ಮಾಣಕ್ಕೆ ಹೋದಾಗ ಅಂಥ ಸೂಚನೆ ಬಂತು. ಎಷ್ಟು ಮರ ಕಡಿಯುವುದು, ಎಷ್ಟನ್ನು ಬೇರೆಡೆ ನೆಡುವುದು, ಎಷ್ಟನ್ನು ಹಾಗೆಯೇ ಉಳಿಸುವುದು ಎಂದು ಮೂರು ಸಾಲು. ಮಕ್ಕಳಿಬ್ಬರೂ ಆ ತುಂಡನ್ನು ಕತ್ತರಿಸಿಕೊಂಡು ಹೋಗಿ ಗೇಟಿನ ಹೊರಗಿನಿಂದಲೇ ಮರಗಳನ್ನು ಎಣಿಸಿದರು. ಕಾಂಡದ ಮೇಲೆ ಬಣ್ಣದಲ್ಲಿ ಬರೆದ ಅಂಕಿಗಳನ್ನು ಪಟ್ಟಿಗೆ ತಾಳೆ ನೋಡಿದರು. ತೆಂಗು ಯಾವುದು, ಗುಲ್‌ಮೊಹರ್ ಯಾವುದು ಎಂಬುದಕ್ಕೆ ಅಜ್ಜಿಗೆ ಫೋನು. ಹಿಂಭಾಗದ ಮರಗಳು ಕಾಣಿಸದೆ ಲೆಕ್ಕ ಕೂಡಲಿಲ್ಲವೆಂದು ಕಾವಲುಗಾರನ ಹತ್ತಿರ ವಾದ ಮಾಡಿ ಬಂದರು.

ಆಮೇಲೆ ಮಗಳು ಮರಾಠಿಯಲ್ಲಿ ಒಂದು ಅರ್ಜಿ ಬರೆದಳು. ನಾನು ತಿದ್ದಿದ್ದು ಎರಡೇ ಸಾಲು: ‘ದಯವಿಟ್ಟು ನಮ್ಮ ಮೇಲೆ ಕೃಪೆ ಮಾಡಿ’ ಎಂದಿದ್ದದ್ದನ್ನು ಹೊಡೆದು ‘ನಮ್ಮ ಆಕ್ಷೇಪಣೆ ಹೀಗಿದೆ’ ಎಂದು ಮಾಡಿಸಿದೆ. ಕೇಳುವುದಕ್ಕೂ ಬೇಡುವುದಕ್ಕೂ ವ್ಯತ್ಯಾಸವಿದೆ, ಅದು ಹದಿನಾಲ್ಕರ ವಯಸ್ಸಿಗೇ ತಿಳಿಯಲಿ. ವಾರ್ಡ್ ಕಚೇರಿಯಲ್ಲಿ ನನ್ನ ಹೆಸರಿನಲ್ಲಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಂಡು ಬಂದೆವು. ಆ ಮೊಹರಿನ ಕಾಗದ ಈಗ ಅವಳ ಶಾಲೆಯ ಪ್ರಶಸ್ತಿಪತ್ರಗಳ ಫೈಲಿನಲ್ಲಿದೆ, ಎಲ್ಲಕ್ಕಿಂತ ಮೇಲೆ.

ಅದೇ ಪುಟ ಅವಳಿಗೆ 2024ರ ನವೆಂಬರಿನಲ್ಲಿ ಇನ್ನೊಂದು ಆಶ್ಚರ್ಯವನ್ನು ಕೊಟ್ಟಿತ್ತು. ವಿಧಾನಸಭಾ ಚುನಾವಣೆ, ಮತದಾನ 20ಕ್ಕೆ. ಅಭ್ಯರ್ಥಿಯೊಬ್ಬರು ತಮ್ಮ ಮೇಲೆ ಯಾವ ಯಾವ ಕ್ರಿಮಿನಲ್ ಪ್ರಕರಣಗಳಿವೆ ಎಂದು ತಾವೇ ಜಾಹೀರಾತು ಕೊಟ್ಟಿದ್ದರು. “ಅಮ್ಮ, ಇವರಿಗೆ ತಲೆ ಕೆಟ್ಟಿದೆಯೇ? ತಮ್ಮ ವಿರುದ್ಧ ತಾವೇ ಪ್ರಚಾರ ಮಾಡುತ್ತಿದ್ದಾರೆ” ಎಂದಳು. ತಲೆ ಕೆಟ್ಟಿಲ್ಲ, ಸುಪ್ರೀಂ ಕೋರ್ಟ್ 2018ರಲ್ಲಿ ಹಾಗೆ ಆದೇಶಿಸಿದೆ. ಪತ್ರಿಕೆಯಲ್ಲೂ ಟಿವಿಯಲ್ಲೂ ಮೂರು ಸಲ ಪ್ರಕಟಿಸಬೇಕು. 2020ರಲ್ಲಿ ಇನ್ನೊಂದು ಆದೇಶ: ಪ್ರಕರಣವಿಲ್ಲದ ಬೇರೊಬ್ಬರನ್ನು ಏಕೆ ನಿಲ್ಲಿಸಲಿಲ್ಲ ಎಂಬುದಕ್ಕೆ ಪಕ್ಷವೂ ಕಾರಣ ಹೇಳಬೇಕು, ಗೆಲ್ಲುತ್ತಾರೆ ಎಂಬುದಷ್ಟೇ ಕಾರಣವಾಗಕೂಡದು. ಆ ಕಾರಣಗಳನ್ನು ಓದುವುದು ನಮ್ಮ ಮನೆಯಲ್ಲಿ ರಾತ್ರಿ ಊಟದ ಹೊತ್ತಿನ ಮನರಂಜನೆಯಾಯಿತು. ಯಾರ ಮಾತು ಎಷ್ಟು ನಂಬತಕ್ಕದ್ದು ಎಂದು ಅತ್ತೆಯವರು ಮುಖದಲ್ಲೇ ತೀರ್ಪು ಕೊಡುತ್ತಿದ್ದರು. ಇಂಥ ಜಾಹೀರಾತನ್ನು ಯಾವ ಟಿವಿ ನಿರೂಪಕರೂ ನನ್ನ ಮಕ್ಕಳಿಗೆ ಓದಿ ಹೇಳಿರಲಿಲ್ಲ.

ಮಗನ ದಾರಿ ಬೇರೆ; ಅವನು ದುಡ್ಡಿನ ಕಡೆಯಿಂದ ಬಂದ. 2025ರ ಮೇ 9ರಿಂದ ಪಾಲಿಕೆಯದೇ ಆದ ಬೆಸ್ಟ್ ಸಂಸ್ಥೆಯ ಬಸ್ಸಿನ ಕನಿಷ್ಠ ದರ ಐದು ರೂಪಾಯಿಯಿಂದ ಹತ್ತಕ್ಕೆ ಏರಿತು, ಎಸಿ ಬಸ್ಸಿನದು ಆರರಿಂದ ಹನ್ನೆರಡಕ್ಕೆ. ಅವನ ಕೈಖರ್ಚಿನಲ್ಲಿ ಅದು ಭೂಕಂಪ. “ಇದಕ್ಕೆ ಕೈ ಎತ್ತಿದವರು ಯಾರು?” ಎಂದು ಕೇಳಿದ. ಒಳ್ಳೆಯ ಪ್ರಶ್ನೆ, ಏಕೆಂದರೆ ಆಗ ಕೈ ಎತ್ತುವವರೇ ಇರಲಿಲ್ಲ. ಮುಂಬಯಿ ಪಾಲಿಕೆಯ ನಗರಸೇವಕರ, ಅಂದರೆ ಚುನಾಯಿತ ಸದಸ್ಯರ, ಅವಧಿ 2022ರ ಮಾರ್ಚ್ 7ಕ್ಕೆ ಮುಗಿದಿತ್ತು. ಆಮೇಲೆ ವಾರ್ಡುಗಳನ್ನು 236 ಮಾಡುವುದೋ 227 ಉಳಿಸುವುದೋ ಎಂಬ ಎಳೆದಾಟ, ಹಿಂದುಳಿದ ವರ್ಗಗಳ ಮೀಸಲಾತಿಯ ಮೊಕದ್ದಮೆ. ಚುನಾವಣೆ ಮುಂದಕ್ಕೆ ಮುಂದಕ್ಕೆ ಹೋಯಿತು. ಆಯುಕ್ತರೇ ಆಡಳಿತಾಧಿಕಾರಿ. 2025-26ರ 74,427 ಕೋಟಿ ರೂಪಾಯಿಯ ಬಜೆಟ್ ಮಂಡನೆಯಾದದ್ದೂ ಹಾಗೆಯೇ, ಚುನಾಯಿತ ಸದಸ್ಯ ಒಬ್ಬರೂ ಇಲ್ಲದೆ. ಗೋವಾ ರಾಜ್ಯದ ಬಜೆಟ್ಟಿನ ಎರಡು ಪಟ್ಟಿಗಿಂತ ದೊಡ್ಡ ಮೊತ್ತವದು. ಜೂನಿನಲ್ಲಿ ಶಾಲೆ ಶುರುವಾಯಿತು. ಆರನೆಯ ತರಗತಿಯ ನಾಗರಿಕಶಾಸ್ತ್ರದಲ್ಲಿ ಸ್ಥಳೀಯ ಸಂಸ್ಥೆಗಳ ಪಾಠ: ಮಹಾನಗರಪಾಲಿಕೆಯ ಸದಸ್ಯರನ್ನು ಜನರು ಐದು ವರ್ಷಕ್ಕೆ ಆರಿಸುತ್ತಾರೆ. ಪುಸ್ತಕ ಒಂದು ಹೇಳುತ್ತದೆ, ಪತ್ರಿಕೆ ಇನ್ನೊಂದು ಹೇಳುತ್ತದೆ ಎಂದು ಅವನಿಗೆ ಮೊದಲ ಬಾರಿಗೆ ಅನ್ನಿಸಿದ್ದು ಆಗ. ಅವನು ಓದತೊಡಗಿದ್ದೂ ಆಗಲೇ.

ಮೂರು ಪತ್ರಿಕೆ ತರಿಸುವುದು ದುಂದು ಎಂದು ನನ್ನ ತಮ್ಮ ಪುಣೆಯಿಂದ ಫೋನು ಮಾಡಿದಾಗಲೆಲ್ಲ ಹೇಳುತ್ತಾನೆ. ನಾನು ಒಪ್ಪುವುದಿಲ್ಲ. ಬಜೆಟ್ಟಿನ ಮರುದಿನದ ಮೂರನ್ನೂ ನೆಲದ ಮೇಲೆ ಹರಡಿ ನೋಡಬೇಕು. ಒಂದು ಒಟ್ಟು ಮೊತ್ತವನ್ನು ಎತ್ತಿ ಹಿಡಿಯುತ್ತದೆ, ಇನ್ನೊಂದು ಬೆಸ್ಟ್‌ಗೆ ಕೊಟ್ಟ 1,000 ಕೋಟಿ ಸಾಲದು ಎನ್ನುತ್ತದೆ, ಮತ್ತೊಂದಕ್ಕೆ ನಮ್ಮವರ ಸಂಘದ ವಾರ್ಷಿಕೋತ್ಸವವೇ ದೊಡ್ಡ ಸುದ್ದಿ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಪಾಲಿಕೆ ನಡೆಸುವ ಶಾಲೆಗಳಲ್ಲಿ ಎಂಟು ಭಾಷೆಗಳ ಮಾಧ್ಯಮವಿದೆ, ಅವುಗಳಲ್ಲಿ ಕನ್ನಡವೂ ಒಂದು ಎಂಬುದು ನನ್ನ ಮಕ್ಕಳಿಗೆ ತಿಳಿದದ್ದು ಅಜ್ಜಿಯ ಪತ್ರಿಕೆಯಿಂದ.

ಅಜ್ಜಿಯ ಪತ್ರಿಕೆಯ ಇನ್ನೊಂದು ಉಪಕಾರ: ಅದರಲ್ಲಿ ಹಳಬರ ಹೆಸರು ಬಂದಾಗಲೆಲ್ಲ ಅವರ ಬಾಯಿ ತೆರೆದುಕೊಳ್ಳುತ್ತದೆ. ಮಾವನವರು ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದವರು. ಹೋಟೆಲ್ ಕಾರ್ಮಿಕರನ್ನೂ ಟ್ಯಾಕ್ಸಿಯವರನ್ನೂ ಸಂಘಟಿಸಿದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ 1961ರಲ್ಲಿ ಇದೇ ಪಾಲಿಕೆಯ ಸದಸ್ಯರಾದರು, 1967ರಲ್ಲಿ ದಕ್ಷಿಣ ಬೊಂಬಾಯಿಯಲ್ಲಿ ಕೇಂದ್ರ ಮಂತ್ರಿಯಾಗಿದ್ದ ಎಸ್. ಕೆ. ಪಾಟೀಲರನ್ನು ಸೋಲಿಸಿದರು. ಆಗ ಅತ್ತೆಯವರು ಕುಂದಾಪುರದಿಂದ ಬಂದ ಹೊಸ ಮದುಮಗಳು. “ನಿನ್ನ ಅಜ್ಜ ಅಂದು ರಾತ್ರಿ ಊಟಕ್ಕೇ ಬರಲಿಲ್ಲ, ನಾನು ಗಂಜಿ ಇಟ್ಟುಕೊಂಡು ಕಾದೆ” ಎಂದು ಈಗಲೂ ಸಿಟ್ಟು ಮಾಡಿಕೊಳ್ಳುತ್ತಾರೆ. ಮೊಮ್ಮಕ್ಕಳಿಗೆ ಜಾರ್ಜ್ ಎಂದರೆ ಇತಿಹಾಸದ ಪುಸ್ತಕದ ಮನುಷ್ಯನಲ್ಲ, ಅಜ್ಜನ ಊಟ ತಪ್ಪಿಸಿದವರು.

ಕೊನೆಗೆ 2026ರ ಜನವರಿ 15ಕ್ಕೆ ಪಾಲಿಕೆಯ ಚುನಾವಣೆ ನಡೆಯಿತು. ಆ ತಿಂಗಳು ಭಾವು ಅವರ ಪೇಪರ್ ಹಾಕುವ ಲೈನಿಗೆ ಸುಗ್ಗಿ. ಪತ್ರಿಕೆಗಿಂತ ಅದರೊಳಗೆ ತುರುಕಿದ ಕರಪತ್ರಗಳೇ ದಪ್ಪ. ಯಾವ ಪಕ್ಷದವರು ಕೊಟ್ಟರೂ ಅವರು ಹಾಕುತ್ತಾರೆ, ದರ ಎಲ್ಲರಿಗೂ ಒಂದೇ, ಒಬ್ಬರದ್ದು ಹಾಕಿ ಇನ್ನೊಬ್ಬರದ್ದು ಬಿಡುವ ಚಾಳಿ ಇಲ್ಲ. ಇದನ್ನು ನಾನು ವಿಶೇಷವಾಗಿ ಮೆಚ್ಚುತ್ತೇನೆ, ಏಕೆಂದರೆ ಅವರ ಒಲವು ಯಾವ ಕಡೆ ಎಂಬುದು ಬೀದಿಗೆಲ್ಲ ಗೊತ್ತು. ಮಗಳು ಕರಪತ್ರಗಳನ್ನು ಕೂಡಿಟ್ಟು ಭರವಸೆಗಳನ್ನು ಗುರುತು ಹಾಕಿದಳು. ಕಿಂಗ್ಸ್ ಸರ್ಕಲ್‌ನಲ್ಲಿ, ಗಾಂಧಿ ಮಾರ್ಕೆಟ್ಟಿನ ಮುಂದೆ ಮಳೆನೀರು ನಿಲ್ಲುವುದನ್ನು ತಪ್ಪಿಸುತ್ತೇವೆ ಎಂಬುದು ಹೆಚ್ಚುಕಡಿಮೆ ಎಲ್ಲದರಲ್ಲೂ ಇತ್ತು. ಹೇಗೆ ಎಂಬುದು ಯಾವುದರಲ್ಲೂ ಇರಲಿಲ್ಲ. ಕಾಗದದ ಅಂಚಿನಲ್ಲಿ ಮುದ್ರಕರ ಹೆಸರು ಇದೆಯೋ ಇಲ್ಲವೋ ಎಂದು ಅಜ್ಜಿಯ ಭೂತಗನ್ನಡಿ ಹಿಡಿದು ಹುಡುಕುತ್ತಿದ್ದಳು. ಲೋಕಸಭೆ, ವಿಧಾನಸಭೆ ಚುನಾವಣೆಗಳ ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕೆಂದು ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹೇಳುತ್ತದೆ ಎಂದು ಎಲ್ಲೋ ಓದಿದ ಮೇಲೆ ಅವಳಿಗೆ ಅದೊಂದು ಗೀಳು.

ಪುಣೆಯ ಸೋದರಮಾವ ಅಂದೇ ನಾಲ್ಕು ಮತ ಹಾಕಿದರೆ ಅಮ್ಮನಿಗೆ ಏಕೆ ಒಂದೇ ಮತ ಎಂದು ಮಗ ಕೇಳಿದ. ಉಳಿದ ಮಹಾನಗರಪಾಲಿಕೆಗಳಲ್ಲಿ ಬಹುಸದಸ್ಯ ವಾರ್ಡುಗಳು, ಮುಂಬಯಿಯಲ್ಲಿ ಮಾತ್ರ ವಾರ್ಡಿಗೊಬ್ಬರೇ ಎಂದು ಮರಾಠಿ ಪತ್ರಿಕೆ ಚೌಕಟ್ಟು ಹಾಕಿ ವಿವರಿಸಿತ್ತು. ಆ ಪುಟವನ್ನೇ ಅವನ ಮುಂದೆ ಇಟ್ಟೆ. ನನ್ನ ಬೆರಳಿನ ಮೇಲೆ ಎಂದಿನ ಬಾಟಲಿ ಶಾಯಿಯ ಬದಲು ಮಾರ್ಕರ್ ಪೆನ್ನಿನ ಗೆರೆ. ಅದು ಅಳಿಸಿಹೋಗುತ್ತದೆ ಎಂದು ಊರೆಲ್ಲ ಗಲಾಟೆ. ಮಗಳು ಉಗುರಿನ ಬಣ್ಣ ತೆಗೆಯುವ ದ್ರವ ಹಿಡಿದುಕೊಂಡು ಬಂದಳು. ನಾನು ಬೆರಳು ಕೊಡಲಿಲ್ಲ.

16ಕ್ಕೆ ಎಣಿಕೆ. 17ರ ಬೆಳಿಗ್ಗೆ ಸ್ಟಾಲಿನಲ್ಲಿ ಆರೂವರೆಗೇ ಮರಾಠಿ ಪತ್ರಿಕೆಗಳೆಲ್ಲ ಖಾಲಿ. ನಮ್ಮ ಮನೆಯ ಮೂರರ ಜೊತೆಗೆ ಬೇರೆ ಎರಡನ್ನು ಭಾವು ಹೇಳದೆಯೇ ಮಕ್ಕಳಿಗೆಂದು ತೆಗೆದಿಟ್ಟಿದ್ದರು. ದುಡ್ಡು ತೆಗೆದುಕೊಂಡರು, ಅದು ಬೇರೆ ವಿಷಯ. 227 ವಾರ್ಡುಗಳ ಪಟ್ಟಿಯನ್ನು ಮಗ ಗೋಡೆಗೆ ಅಂಟಿಸಿ ಗೆದ್ದ ಮಹಿಳೆಯರ ಹೆಸರಿಗೆ ಕೆಂಪು ಗುರುತು ಹಾಕತೊಡಗಿದ. ಮೀಸಲಾದದ್ದು 114, ಮೀಸಲಿಲ್ಲದ ಕಡೆಯೂ ಹೆಂಗಸರು ಗೆದ್ದಿದ್ದಾರೆಯೇ ಎಂಬುದು ಅಕ್ಕತಮ್ಮನ ಪಂದ್ಯ. ಹೆಸರಿನಿಂದ ಗಂಡೋ ಹೆಣ್ಣೋ ತಿಳಿಯದಿದ್ದಾಗ ಅಜ್ಜಿಯೇ ನ್ಯಾಯಾಧೀಶೆ. ಗೋಡೆಯ ಬಣ್ಣ ಕಿತ್ತುಬಂದದ್ದನ್ನು ಯಾರ ಖಾತೆಗೆ ಬರೆಯಬೇಕೋ ತಿಳಿಯದು.

ಇನ್ನು ದೂರುಗಳು. ಜುಲೈಯಲ್ಲಿ ಪತ್ರಿಕೆ ಒದ್ದೆಯಾಗಿಯೇ ಬರುತ್ತದೆ. ಹುಡುಗರು ಸೈಕಲ್ಲಿನಿಂದ ಇಳಿಯದೆ ರಬ್ಬರ್ ಬ್ಯಾಂಡ್ ಹಾಕಿ ಎಸೆಯುತ್ತಾರೆ. ನಮ್ಮದು ಮೂರನೆಯ ಮಹಡಿ, ಲಿಫ್ಟ್ ಇದೆ, ಆದರೂ ಕೆಲವು ದಿನ ಕಾವಲುಗಾರನ ಕುರ್ಚಿಯವರೆಗೆ ಮಾತ್ರ. ಒಣಗಿಸಲು ಇಸ್ತ್ರಿ ಪೆಟ್ಟಿಗೆ ತೆಗೆದದ್ದೂ ಇದೆ. ಕನ್ನಡ ಪತ್ರಿಕೆಯ ಪ್ರತಿಗಳು ಕಡಿಮೆಯಾದ್ದರಿಂದ ಅದರ ಬಂಡಲು ತಡವಾದರೆ ಲೈನ್ ಕಾಯುವುದಿಲ್ಲ. ಅಂದು ಅತ್ತೆಯವರ ಮುಖ ನೋಡುವಂತಿಲ್ಲ, ಸಂಜೆ ನಾನೇ ಸ್ಟಾಲಿಗೆ ಹೋಗಿ ತರಬೇಕು. ಭಾನುವಾರದ ಪುರವಣಿ ಆಗಾಗ ಕಾಣೆ. ಕೇಳಿದರೆ “ಬಂದೇ ಇಲ್ಲ, ತಾಈ” ಎನ್ನುತ್ತಾರೆ, ಎದುರು ಮನೆಯಲ್ಲಿ ಮಾತ್ರ ಅದು ಇರುತ್ತದೆ. ಊರಿಗೆ ಹೋಗುವಾಗ ನಿಲ್ಲಿಸಬೇಕಿದ್ದರೆ ಒಂದು ವಾರ ಮೊದಲೇ ಹೇಳಬೇಕು, ನಾಲ್ಕೈದು ದಿನಕ್ಕೆಲ್ಲ ನಿಲ್ಲಿಸುವುದಿಲ್ಲ. ಗಣರಾಜ್ಯೋತ್ಸವದ ಮರುದಿನ ಪತ್ರಿಕೆ ಬರದೇ ಇರುವುದು ಅವರ ತಪ್ಪಲ್ಲ, ಪತ್ರಿಕಾ ಕಚೇರಿಗಳಿಗೇ ರಜೆ. ಮಕ್ಕಳಿಗೆ ಮಾತ್ರ ಪಥಸಂಚಲನದ ಸುದ್ದಿ ಒಂದು ದಿನ ಹಳಸಿ ಸಿಗುತ್ತದೆ.

ಇನ್ನೊಂದು ಮಾತು, ಇದು ಭಾವು ಅವರಿಗಲ್ಲ, ಪತ್ರಿಕೆಗಳಿಗೆ. ಆ ಸೂಚನೆಗಳ ಅಕ್ಷರವನ್ನು ದಯವಿಟ್ಟು ದೊಡ್ಡದು ಮಾಡಿ. ಜನರ ಆಕ್ಷೇಪಣೆ ಕೇಳುವ ಪ್ರಕಟಣೆಯನ್ನು ಭೂತಗನ್ನಡಿಯಿಂದ ಓದಬೇಕಾದರೆ ಆಕ್ಷೇಪಣೆ ಬೇಡವೆಂದೇ ಅರ್ಥ.

ಸೇರಬೇಕೆಂದಿರುವವರು ಬೆಳಿಗ್ಗೆ ಒಂಬತ್ತರ ಒಳಗೆ ಸ್ಟಾಲಿಗೆ ಹೋಗಿ. ಆಮೇಲೆ ಅವರು ವಸೂಲಿಗೆ ಹೊರಡುತ್ತಾರೆ. ಕಟ್ಟಡದ ಹೆಸರು, ಮಹಡಿ, ಯಾವ ಪತ್ರಿಕೆ ಎಂದು ಹೇಳಿದರೆ ಸಾಕು, ಮುಂಗಡ ಕೇಳುವುದಿಲ್ಲ. ಕನ್ನಡ ಪತ್ರಿಕೆ ಬೇಕಿದ್ದರೆ ಮೊದಲ ದಿನವೇ ಒತ್ತಿ ಹೇಳಿ, ಪ್ರತಿ ಎಣಿಸಿ ತರಿಸುತ್ತಾರೆ. ನಾಲ್ಕು ಮನೆ ಹೆಚ್ಚಾದರೆ ಬಂಡಲಿಗೆ ಕಾಯುವ ಮನಸ್ಸೂ ಅವರಿಗೆ ಬಂದೀತು. ಬಿಲ್ ಐದನೆಯ ತಾರೀಖಿಗೆ, ಯುಪಿಐ ನಡೆಯುತ್ತದೆ. ಮಕ್ಕಳ ಕೈಯಲ್ಲಿ ಹಣ ಕಳುಹಿಸುವುದಾದರೆ ಅರ್ಧ ಗಂಟೆ ತಡವಾಗಿ ಬರುತ್ತಾರೆ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ, ಶಾಲೆಯ ಹೊತ್ತಿಗೆ ಮಾತ್ರ ಕಳುಹಿಸಬೇಡಿ.